‘ಪರಿಣಾಮ ಕಾಣಲಿಲ್ಲ’ ಎಂದು ಬರೆಯುವ ಮುನ್ನ: ಗಡ್ಡೆ ಕೋಶಗಳ ಮೇಲೆ ಬಿಎಂಪಿ-2 ಪರೀಕ್ಷೆ, ಪುಣೆಯ ಒಂದು ಪ್ರಕರಣ

ಬೆನ್ನುಮೂಳೆಯ ಇಂಪ್ಲಾಂಟ್ ತಯಾರಿಸುವ ಒಂದು ಕಂಪನಿಗೆ ತನ್ನ ಕೊಲ್ಯಾಜನ್ ಸ್ಪಂಜಿನ ಜೊತೆ ಮೂಳೆ ಬೆಳೆಸುವ ಪ್ರೋಟೀನ್ ಬಿಎಂಪಿ-2 ಸೇರಿಸುವ ಯೋಚನೆ ಇತ್ತು. ಪುಣೆಯ ಒಂದು ಖಾಸಗಿ ಪರೀಕ್ಷಾಲಯಕ್ಕೆ ಅದು ಕೇಳಿದ್ದು ಒಂದೇ ಸಾಲಿನ ಪ್ರಶ್ನೆ: ಈ ಪ್ರೋಟೀನ್ ಮನುಷ್ಯನ ಗಡ್ಡೆ (ಕ್ಯಾನ್ಸರ್) ಕೋಶಗಳನ್ನು ಬೆಳೆಸುತ್ತದೆಯೇ? ಪ್ರೋಟೀನ್ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದು, ಒಣಪುಡಿ, ವಯಲಿಗೆ 10 ಮೈಕ್ರೋಗ್ರಾಂ. ಮೊದಲ ಸುತ್ತು ಮುಗಿದಾಗ ಐದು ಬಗೆಯ ಕೋಶಗಳಲ್ಲಿ ಯಾವುದೂ ಯಾವ ಡೋಸಿಗೂ ಕದಲಿರಲಿಲ್ಲ. ಕಂಪನಿಗೆ ಬೇಕಾದದ್ದೂ ಅದೇ. ಆದರೂ ವರದಿಗೆ ಸಹಿ ಬೀಳಲಿಲ್ಲ. ಯಾಕೆ ಬೀಳಲಿಲ್ಲ, ಆಮೇಲೆ ಏನೇನು ಮಾಡಬೇಕಾಯಿತು ಎಂಬುದು ಇಲ್ಲಿಯ ವಿಷಯ.

ಒಂದು ಮಾತು ಮೊದಲೇ. ಇದು ಒಂದೇ ಸಂಸ್ಥೆಯ ಕಡತವಲ್ಲ. ಇಂಥ ಪರೀಕ್ಷೆಗಳಲ್ಲಿ ಮತ್ತೆಮತ್ತೆ ಎದುರಾಗುವ ತೊಡಕುಗಳನ್ನು ಒಂದೇ ಪ್ರಕರಣವಾಗಿ ಜೋಡಿಸಲಾಗಿದೆ. ಆದ್ದರಿಂದ ಯಾವ ಕೋಶ ಎಷ್ಟು ಶೇಕಡಾ ಏರಿತು, ಇಳಿಯಿತು ಎಂಬ ಫಲಿತಾಂಶದ ಅಂಕಿಗಳು ಇಲ್ಲಿಲ್ಲ. ವಿಧಾನದ ಅಂಕಿಗಳು ಮಾತ್ರ ಇವೆ, ಅವು ಬೆಂಚಿನ ಮೇಲೆ ನೇರ ಬಳಸುವಂಥವು.

ಪ್ರಶ್ನೆಯ ಹಿನ್ನೆಲೆ

ಮೂಳೆಯ ಖನಿಜವನ್ನು ಆಮ್ಲದಲ್ಲಿ ಕರಗಿಸಿ ತೆಗೆದು, ಉಳಿದ ಭಾಗವನ್ನು ಪ್ರಾಣಿಯ ಸ್ನಾಯುವಿನೊಳಗೆ ಇಟ್ಟರೆ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆ ಎಂದು ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದರು. ಆ ಗುಣಕ್ಕೆ ಕಾರಣವಾದ ಪ್ರೋಟೀನುಗಳ ಜೀನುಗಳು ಸಿಕ್ಕಿದ್ದು 1988ರಲ್ಲಿ. ಬಿಎಂಪಿ-2 ತೊಯ್ಸಿದ ಕೊಲ್ಯಾಜನ್ ಸ್ಪಂಜನ್ನು ಸೊಂಟದ ಬೆನ್ನೆಲುಬು ಬೆಸೆಯಲು ಬಳಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಒಪ್ಪಿತು. 2004ರಲ್ಲಿ ಕಣಕಾಲಿನ ಟಿಬಿಯಾ ಮೂಳೆಯ ತೆರೆದ ಮುರಿತಕ್ಕೆ, 2007ರಲ್ಲಿ ದವಡೆಯ ಕೆಲವು ಶಸ್ತ್ರಚಿಕಿತ್ಸೆಗಳಿಗೆ ಒಪ್ಪಿಗೆ ಸಿಕ್ಕಿತು. ಆ ಉತ್ಪನ್ನದಲ್ಲಿ ಪ್ರೋಟೀನಿನ ಸಾಂದ್ರತೆ ಮಿಲಿಲೀಟರಿಗೆ 1.5 ಮಿಲಿಗ್ರಾಂ. ಗಡ್ಡೆ ಇರುವ ಅಥವಾ ಗಡ್ಡೆ ತೆಗೆದ ಜಾಗದ ಹತ್ತಿರ ಬಳಸಬಾರದು, ಸಕ್ರಿಯ ಕ್ಯಾನ್ಸರ್ ಇರುವವರಿಗೆ ಬಳಸಬಾರದು ಎಂಬ ಎಚ್ಚರಿಕೆ ಅದರ ಜೊತೆಗೇ ಬರುತ್ತದೆ. ಇನ್ನೂ ಹೆಚ್ಚು ಡೋಸಿನ, ಅಂದರೆ 40 ಮಿಲಿಗ್ರಾಂ ಬಿಎಂಪಿ-2 ಇರುವ ಇನ್ನೊಂದು ಉತ್ಪನ್ನಕ್ಕೆ 2011ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಡಲಿಲ್ಲ. ಅದರ ಕ್ಲಿನಿಕಲ್ ಪ್ರಯೋಗದಲ್ಲಿ ಪ್ರೋಟೀನ್ ಪಡೆದ ಗುಂಪಿನಲ್ಲಿ ಹೆಚ್ಚು ಕ್ಯಾನ್ಸರ್ ಕಂಡದ್ದು ದೊಡ್ಡ ಆತಂಕವಾಗಿತ್ತು.

ಆತಂಕಕ್ಕೆ ಜೀವಶಾಸ್ತ್ರದ ಕಾರಣವೂ ಇದೆ. ಬಿಎಂಪಿ-2 ಕೋಶದ ಹೊರಮೈಯಲ್ಲಿರುವ ಎರಡು ಬಗೆಯ ಗ್ರಾಹಕಗಳಿಗೆ ಅಂಟಿಕೊಂಡು ಒಳಗಿನ ಸ್ಮ್ಯಾಡ್ 1, 5, 8 ಪ್ರೋಟೀನುಗಳಿಗೆ ಫಾಸ್ಫೇಟ್ ಹಚ್ಚಿಸುತ್ತದೆ. ಅವು ಸ್ಮ್ಯಾಡ್ 4ರ ಜೊತೆಗೂಡಿ ಕೋಶಕೇಂದ್ರ ಸೇರಿ ಜೀನುಗಳನ್ನು ಚಾಲೂ ಮಾಡುತ್ತವೆ. ಈ ಗ್ರಾಹಕಗಳು ಮೂಳೆ ಕಟ್ಟುವ ಕೋಶಗಳಿಗಷ್ಟೇ ಮೀಸಲಲ್ಲ, ಎಷ್ಟೋ ಕ್ಯಾನ್ಸರ್ ಕೋಶಗಳಲ್ಲೂ ಇವೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶದ ಕ್ಯಾನ್ಸರ್ ಹರಡುವಾಗ ಬೆನ್ನುಮೂಳೆಯಲ್ಲಿ ಬೀಡು ಬಿಡುವುದು ಸಾಮಾನ್ಯ. ಪ್ರಕಟವಾದ ಫಲಿತಾಂಶಗಳು ಒಂದೇ ದಿಕ್ಕಿನವಲ್ಲ. ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಗಳ ಬೆಳವಣಿಗೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿಎಂಪಿ-2ರಿಂದ ನಿಧಾನವಾದದ್ದು ವರದಿಯಾಗಿದೆ. ಶ್ವಾಸಕೋಶದ ಎ549 ಕೋಶಗಳ ಗಡ್ಡೆ ಇಲಿಯಲ್ಲಿ ಅದೇ ಪ್ರೋಟೀನಿನಿಂದ ದೊಡ್ಡದಾದದ್ದೂ ವರದಿಯಾಗಿದೆ. ಹಾಗಾಗಿ ‘ಬೆಳೆಸುತ್ತದೆಯೇ’ ಎಂಬ ಪ್ರಶ್ನೆಗೆ ಯಾವ ಕೋಶ, ಎಂಥ ಪರಿಸರ, ಎಷ್ಟು ಡೋಸ್ ಎಂದು ಹೇಳದೆ ಉತ್ತರ ಕೊಡಲು ಬರುವುದಿಲ್ಲ.

ಕಂಪನಿಯ ಕೈಯಲ್ಲಿ ಆಗಲೇ ಐಎಸ್‌ಒ 10993-5 ಪರೀಕ್ಷೆಯ ಪಾಸ್ ಪತ್ರ ಇತ್ತು. ‘ಇದಿದೆಯಲ್ಲ, ಇನ್ನೇನು’ ಎಂಬುದು ಅವರ ಧಾಟಿ. ಆ ಪರೀಕ್ಷೆ ಕೇಳುವುದೇ ಬೇರೆ: ವಸ್ತುವಿನ ಕಷಾಯ ಕೋಶಗಳನ್ನು ಕೊಲ್ಲುತ್ತದೆಯೇ? ಸಾಮಾನ್ಯವಾಗಿ ಇಲಿಯ ಎಲ್929 ಕೋಶಗಳ ಮೇಲೆ ನೋಡುತ್ತಾರೆ. ಬದುಕುಳಿದವು ಶೇ. 70ಕ್ಕಿಂತ ಕೆಳಗಿಳಿದರೆ ವಿಷಕಾರಿ. ಕೋಶಗಳು ದುಪ್ಪಟ್ಟಾದರೂ ಅಲ್ಲಿ ಪಾಸೇ. ಬೆಳವಣಿಗೆಯ ಭಯ ಇರುವ ವಸ್ತುವಿಗೆ ಆ ಪತ್ರದಿಂದ ಉಪಯೋಗವಿಲ್ಲ.

ಕೋಶಗಳ ಆಯ್ಕೆ

ಆರಿಸಿಕೊಂಡದ್ದು ಐದು: ಮೂಳೆ ಕ್ಯಾನ್ಸರಿನ ಎಂಜಿ-63 ಮತ್ತು ಸಾಓಎಸ್-2, ಸ್ತನದ ಎಂಸಿಎಫ್-7, ಪ್ರಾಸ್ಟೇಟಿನ ಪಿಸಿ-3, ಶ್ವಾಸಕೋಶದ ಎ549. ಪುಣೆಯಲ್ಲಿ ಈ ಕೆಲಸ ಮಾಡುವವರಿಗೆ ಒಂದು ಅನುಕೂಲ ಇದೆ, ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲೇ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ ಎನ್‌ಸಿಸಿಎಸ್‌ನ ಕೋಶ ಭಂಡಾರ ಇದೆ. ಆದರೆ ಎಲ್ಲಿಂದ ತಂದರೂ ಎರಡು ತಪಾಸಣೆ ಬಿಡುವ ಹಾಗಿಲ್ಲ. ಒಂದು ಎಸ್‌ಟಿಆರ್ ಪ್ರೊಫೈಲ್, ಅಂದರೆ ಡಿಎನ್‌ಎಯಿಂದ ಕೋಶದ ಗುರುತು ಹಿಡಿಯುವುದು. ಪಕ್ಕದ ಲ್ಯಾಬಿನ ಗೆಳೆಯರು ಕೊಟ್ಟ ಫ್ಲಾಸ್ಕಿನ ಮೇಲೆ ಬರೆದ ಹೆಸರು ನಂಬಿಕೆಗೆ ಸಾಲದು. ಎಂಡಿಎ-ಎಂಬಿ-435 ಎಂಬುದನ್ನು ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಎಂದೇ ಬಳಸಿದರು, ಕಡೆಗೆ ಅದು ಚರ್ಮದ ಮೆಲನೋಮ ಕೋಶ ಎಂದಾಯಿತು. ಎರಡನೆಯದು ಮೈಕೊಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾ ಸೇರಿದೆಯೇ ಎಂದು ನೋಡುವ ಪಿಸಿಆರ್. ಅದು ಸೂಕ್ಷ್ಮದರ್ಶಕದಲ್ಲಿ ಸುಲಭಕ್ಕೆ ಕಾಣುವುದಿಲ್ಲ, ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ಮಬ್ಬಾಗುವುದಿಲ್ಲ, ಆದರೆ ಮೀಡಿಯಂನ ಆರ್ಜಿನೈನ್ ತಿಂದು ಬೆಳವಣಿಗೆಯ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಕೋಶ ಬಂದಾಗ ಒಮ್ಮೆ, ಪ್ರತಿ ಸುತ್ತಿನ ಕೊನೆಗೆ ಒಮ್ಮೆ ನೋಡಬೇಕು. ಒಂದೇ ತಂಡದ ವಯಲುಗಳನ್ನು ದ್ರವ ಸಾರಜನಕದಲ್ಲಿ ಇಟ್ಟು, ಕರಗಿಸಿದ ಮೇಲೆ ಹತ್ತು ಪ್ಯಾಸೇಜ್ (ಹೊಸ ಪಾತ್ರೆಗೆ ಬದಲಿಸುವ ಸರದಿ) ದಾಟದಂತೆ ಕೆಲಸ ಮುಗಿಸುವುದು ರೂಢಿ.

ಸಾಕುವ ಮೀಡಿಯಂ ಒಂದೊಂದಕ್ಕೆ ಒಂದೊಂದು. ಸಾಓಎಸ್-2ಕ್ಕೆ ಮೆಕಾಯ್ 5ಎ ಮತ್ತು ಶೇ. 15 ಸೀರಮ್ (ರಕ್ತದಿಂದ ತೆಗೆದ ಪೋಷಕ ದ್ರವ), ಎಂಜಿ-63ಕ್ಕೆ ಎಂಇಎಂ ಮತ್ತು ಶೇ. 10, ಎ549 ಮತ್ತು ಪಿಸಿ-3ಕ್ಕೆ ಎಫ್-12ಕೆ ಮತ್ತು ಶೇ. 10. ಪರೀಕ್ಷೆಯ ಹೊತ್ತಿಗೆ ಮಾತ್ರ ಎಲ್ಲದರ ಸೀರಮ್ಮನ್ನೂ ಶೇ. 2ಕ್ಕೆ ಇಳಿಸಲಾಯಿತು. ಸೀರಮ್ಮಿನಲ್ಲೇ ಬಿಎಂಪಿ ವರ್ಗದ ಪ್ರೋಟೀನುಗಳೂ ಅವುಗಳನ್ನು ಕಟ್ಟಿಹಾಕುವ ಪ್ರೋಟೀನುಗಳೂ ಇರುತ್ತವೆ. ಶೇ. 10ರಲ್ಲಿ ಸ್ಮ್ಯಾಡ್ ಆಗಲೇ ಎದ್ದು ಕುಳಿತಿರುತ್ತದೆ, ನೀವು ಹೊರಗಿನಿಂದ ಹಾಕಿದ್ದು ಏನು ಮಾಡಿತು ಎಂಬುದು ಅದರಲ್ಲಿ ಮುಳುಗಿಹೋಗುತ್ತದೆ. ಸೀರಮ್ ಪೂರಾ ತೆಗೆದರೆ ಕೋಶ ಬೆಳೆಯುವುದೇ ಇಲ್ಲ, ಆಗ ತಡೆಯನ್ನು ಕಾಣಲು ಜಾಗವಿರುವುದಿಲ್ಲ. ಈ ನಡುದಾರಿಯನ್ನು ಪ್ರತಿ ಕೋಶಕ್ಕೂ ಒಂದು ಚಿಕ್ಕ ಪೂರ್ವ ಓಟದಲ್ಲಿ ಹುಡುಕಬೇಕು: ವೆಲ್ಲಿಗೆ (ಪ್ಲೇಟಿನ ಪ್ರತಿ ಕುಳಿಗೆ) 1,000, 2,000, 4,000, 8,000 ಕೋಶ ಬಿತ್ತಿ, 72 ತಾಸಿಗೆ ಕನಿಷ್ಠ ಎರಡು ಪಟ್ಟು ಆಗಿರುವ, ಆದರೆ ತಟ್ಟೆಯ ಶೇ. 80 ತುಂಬದ ಸಂಖ್ಯೆಯನ್ನು ಆರಿಸುವುದು. ತಟ್ಟೆ ತುಂಬಿದ ಮೇಲೆ ಉತ್ತೇಜನ ಇದ್ದರೂ ಕಾಣುವುದಿಲ್ಲ. ಎರಡು ಪಟ್ಟು ಆಯಿತೋ ಇಲ್ಲವೋ ಎಂದು ತಿಳಿಯಲು ಸೊನ್ನೆಯ ದಿನದ ಪ್ಲೇಟ್ ಒಂದನ್ನು ಪ್ರತ್ಯೇಕ ಓದಿಡಬೇಕು. ಇದನ್ನು ಉಳಿಸಲು ಹೋಗಿ ಕಡೆಗೆ ಇಡೀ ಓಟವನ್ನೇ ಕಳೆದುಕೊಂಡವರು ಬಹಳ.

ಸಹಿ ನಿಂತದ್ದು ಎಲ್ಲಿ

ಮೊದಲ ಸುತ್ತಿನ ಕಡತದಲ್ಲಿ ಕ್ಯಾನ್ಸರ್ ಔಷಧ ಡೊಕ್ಸೊರುಬಿಸಿನ್ 1 ಮೈಕ್ರೋಮೋಲಾರ್ ಕಂಟ್ರೋಲ್ (ಹೋಲಿಕೆಗೆ) ಇತ್ತು, ಅದು ಕೋಶಗಳನ್ನು ಕೊಂದಿತ್ತು. ಶೇ. 10 ಸೀರಮ್ ಕಂಟ್ರೋಲ್ ಇತ್ತು, ಅದು ಬೆಳೆಸಿತ್ತು. ಅಂದರೆ ಪ್ಲೇಟಿಗೆ ಏರಿಕೆಯೂ ಇಳಿಕೆಯೂ ಕಾಣುತ್ತಿತ್ತು. ಇಲ್ಲದ್ದು ಒಂದೇ: ವೆಲ್ಲಿಗೆ ಬಿದ್ದ ಬಿಎಂಪಿ-2 ಜೀವಂತವಾಗಿತ್ತು ಎಂಬುದಕ್ಕೆ ಸಾಕ್ಷಿ. ವರದಿ ನೋಡಿದ ಹಿರಿಯ ವಿಜ್ಞಾನಿ, ವಿಜಯಪುರದ ಕಡೆಯವರು, ಅಲ್ಲೇ ಪೆನ್ನು ಕೆಳಗಿಟ್ಟರು. ಪ್ರೋಟೀನ್ ಕರಗಿಸಿದ ದಾಖಲೆ ತೆಗೆದರೆ ಅದರಲ್ಲಿ ‘ಪಿಬಿಎಸ್, 100 ಮೈಕ್ರೋಗ್ರಾಂ ಪ್ರತಿ ಮಿಲಿಲೀಟರ್’ ಎಂದಿತ್ತು, ಪಿಬಿಎಸ್ ಎಂದರೆ ಲ್ಯಾಬಿನ ಮಾಮೂಲಿ ಉಪ್ಪಿನ ದ್ರಾವಣ. ಧಾರವಾಡದ ತಂತ್ರಜ್ಞೆ ಹಳೆಯ ಟ್ಯೂಬನ್ನು ಬೆಳಕಿಗೆ ಹಿಡಿದರು.

“ಟ್ಯೂಬಿನ್ಯಾಗ ರಾಡಿ ಏನೂ ಕಾಣಿಸವಲ್ದ್ರೀ ಸರ.”

“ಸ್ವಚ್ಛ ಕಂಡ್ರ ಕರಗೇತಿ ಅಂತ ಅಲ್ರೀ. ತಿರುವ್ರಿ, ಮ್ಯಾಲಿನ ನೀರಷ್ಟ ಅಳೀರಿ.”

ಸೆಂಟ್ರಿಫ್ಯೂಜಿನಲ್ಲಿ 15,000 ಜಿ ಬಲಕ್ಕೆ ಹತ್ತು ನಿಮಿಷ ತಿರುಗಿಸಿ, ಮೇಲಿನ ದ್ರವವನ್ನು ಎಲೈಸಾದಲ್ಲಿ (ಆ್ಯಂಟಿಬಾಡಿಯಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ಅಳೆದಾಗ ಪ್ರೋಟೀನಿನ ಬಹುಪಾಲು ಅಲ್ಲಿರಲಿಲ್ಲ. ಕಾರಣ ರಸಾಯನಶಾಸ್ತ್ರದ್ದು. ಇ. ಕೋಲಿಯಲ್ಲಿ ತಯಾರಾದ ಬಿಎಂಪಿ-2ಕ್ಕೆ ಸಕ್ಕರೆಯ ಸರಪಳಿಗಳು ಇರುವುದಿಲ್ಲ. ಎರಡು ಸಮಾನ ತುಣುಕು ಸೇರಿದ, ಸುಮಾರು 26 ಕಿಲೋಡಾಲ್ಟನ್ ತೂಕದ ಈ ಅಣು ನೀರಿಗೆ ಒಲ್ಲದ ಮೈಯದು. ತಟಸ್ಥ ಪಿಹೆಚ್ ಮತ್ತು ಉಪ್ಪು ಎರಡೂ ಇರುವ ಪಿಬಿಎಸ್‌ನಲ್ಲಿ ಅದು ಒಂದಕ್ಕೊಂದು ಅಂಟಿ ಗುಂಪಾಗುತ್ತದೆ, ಟ್ಯೂಬಿನ ಗೋಡೆಗೂ ಹತ್ತುತ್ತದೆ. 10 ಮೈಕ್ರೋಗ್ರಾಂ ಎಂದರೆ ಕಣ್ಣಿಗೆ ಕಾಣದಷ್ಟು ಕಡಿಮೆ, ಮಬ್ಬು ಕಾಣದಿದ್ದರೆ ಆಶ್ಚರ್ಯವಿಲ್ಲ. ಸಿಎಚ್‌ಒ ಎಂಬ ಸಸ್ತನಿ ಕೋಶಗಳಲ್ಲಿ ತಯಾರಾದ, ಸಕ್ಕರೆ ಹೊತ್ತ ಪ್ರೋಟೀನ್ ಇದಕ್ಕಿಂತ ಸುಲಭವಾಗಿ ಕರಗುತ್ತದೆ. ಆ ಬಗೆಯ ಮೇಲೆ ಕೈ ಪಳಗಿದವರೇ ಇ. ಕೋಲಿಯದ್ದನ್ನು ಪಿಬಿಎಸ್‌ಗೆ ಹಾಕಿ ಮೋಸ ಹೋಗುವುದು ಹೆಚ್ಚು.

ಸರಿಯಾದ ದಾರಿ 4 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, ಅದರಲ್ಲಿ ಶೇ. 0.1 ಪ್ರಮಾಣದ, ಹಸುವಿನ ರಕ್ತದ ಪ್ರೋಟೀನಾದ ಬಿಎಸ್‌ಎ. 1 ಮೋಲಾರ್ ಆಮ್ಲದ 0.4 ಮಿಲಿಲೀಟರನ್ನು ಶುದ್ಧ ನೀರಿನಲ್ಲಿ 100 ಮಿಲಿಲೀಟರಿಗೆ ತುಂಬಿಸಿ, 100 ಮಿಲಿಗ್ರಾಂ ಬಿಎಸ್‌ಎ ಕರಗಿಸಿ, 0.2 ಮೈಕ್ರಾನ್ ಪಿಇಎಸ್ ಫಿಲ್ಟರಿನಲ್ಲಿ ಸೋಸಬೇಕು. ಸೋಸುವುದು ಈ ದ್ರವವನ್ನು ಮಾತ್ರ. ಪ್ರೋಟೀನ್ ಹಾಕಿದ ಮೇಲೆ ಸೋಸಿದರೆ ಅದು ಫಿಲ್ಟರಿನಲ್ಲೇ ಉಳಿಯುತ್ತದೆ. ವಯಲನ್ನು ಬಿಚ್ಚುವ ಮುನ್ನ ಒಮ್ಮೆ ತಿರುಗಿಸಿ ಪುಡಿಯನ್ನು ತಳಕ್ಕೆ ಇಳಿಸಿ, 100 ಮೈಕ್ರೋಲೀಟರ್ ದ್ರವ ಹಾಕಿ, ಹತ್ತು ನಿಮಿಷ ಬಿಟ್ಟು, ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ವೋರ್ಟೆಕ್ಸ್ ಬೇಡ, ನೊರೆ ಬಂದರೆ ಪ್ರೋಟೀನ್ ಹಾಳು. ಈಗ ಸಿಕ್ಕದ್ದು ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಸ್ಟಾಕ್. ಪ್ರೋಟೀನ್ ಅಂಟದ ಬಗೆಯ ಟ್ಯೂಬುಗಳಿಗೆ 10 ಮೈಕ್ರೋಲೀಟರಿನಂತೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಬೇಕು. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

ಡೋಸುಗಳನ್ನು ಮೀಡಿಯಂನಲ್ಲಿ ಮೆಟ್ಟಿಲುಮೆಟ್ಟಿಲಾಗಿ ತೆಳುವಾಗಿಸುವುದು ಇನ್ನೊಂದು ಹಳೆಯ ತಪ್ಪು. ಹಾಗೆ ಮಾಡಿದರೆ ದೊಡ್ಡ ಡೋಸಿನ ವೆಲ್ಲಿಗೆ ಹೆಚ್ಚು ಆಮ್ಲ, ಸಣ್ಣದಕ್ಕೆ ಕಡಿಮೆ ಆಮ್ಲ. ಇಲ್ಲಿ ಸ್ಟಾಕನ್ನು ಅದೇ ಆಮ್ಲ-ಬಿಎಸ್‌ಎ ದ್ರವದಲ್ಲೇ ಮಿಲಿಲೀಟರಿಗೆ 100, 30, 10, 1, 0.1 ಮೈಕ್ರೋಗ್ರಾಂ ಎಂದು ತೆಳುವಾಗಿಸಿ, ಪ್ರತಿಯೊಂದರಿಂದಲೂ 10 ಮೈಕ್ರೋಲೀಟರನ್ನು 990 ಮೈಕ್ರೋಲೀಟರ್ ಮೀಡಿಯಂಗೆ ಹಾಕಲಾಯಿತು. ಸಿಗುವ ಡೋಸುಗಳು ಮಿಲಿಲೀಟರಿಗೆ 1,000, 300, 100, 10, 1 ನ್ಯಾನೋಗ್ರಾಂ, ಎಲ್ಲ ವೆಲ್ಲುಗಳಲ್ಲೂ ಒಂದೇ ಪ್ರಮಾಣದ 40 ಮೈಕ್ರೋಮೋಲಾರ್ ಆಮ್ಲ. ಪ್ರೋಟೀನ್ ಇಲ್ಲದ ಬರೀ ಆಮ್ಲ-ಬಿಎಸ್‌ಎ ದ್ರವ (ಮುಂದೆ ‘ಬರೀ ದ್ರವ’) ಹಾಕಿದ ವೆಲ್ಲೇ ನಿಜವಾದ ಹೋಲಿಕೆ, ಬರೀ ಮೀಡಿಯಂ ಅಲ್ಲ. ಬೆರೆಸಿದ ಮೇಲೆ ಹದಿನೈದು ನಿಮಿಷದೊಳಗೆ ಪ್ಲೇಟಿಗೆ ಹಾಕಬೇಕು. ಮಲ್ಟಿಚಾನಲ್ ಪಿಪೆಟ್ಟಿಗೆಂದು ಪಾಲಿಸ್ಟೈರೀನ್ ತೊಟ್ಟಿಗೆ ಸುರಿದು ಚಹಾಕ್ಕೆ ಹೋದರೆ 1 ಮತ್ತು 10ರ ಡೋಸುಗಳು ತೊಟ್ಟಿಯ ಗೋಡೆಗೇ ಹೋಗುತ್ತವೆ.

ಪ್ರೋಟೀನ್ ಜೀವಂತವೇ, ಕೋಶಕ್ಕೆ ಅದು ಕೇಳಿಸುತ್ತದೆಯೇ

ಎರಡನೆಯ ಸುತ್ತಿಗೆ ಮುನ್ನ ಎರಡು ಬಾಗಿಲು ದಾಟಬೇಕೆಂದು ಬರೆದಿಡಲಾಯಿತು. ಮೊದಲನೆಯದು ಸಿ2ಸಿ12. ಇಲಿಯ ಸ್ನಾಯುವಿನ ಈ ಎಳೆಯ ಕೋಶಗಳಿಗೆ ಬಿಎಂಪಿ-2 ಸಿಕ್ಕರೆ ಸ್ನಾಯು ಆಗುವುದನ್ನು ಬಿಟ್ಟು ಮೂಳೆಯ ದಾರಿ ಹಿಡಿಯುತ್ತವೆ, ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ತಯಾರಿಸುತ್ತವೆ. ವೆಲ್ಲಿಗೆ 5,000 ಕೋಶ, ಶೇ. 2 ಸೀರಮ್, 72 ತಾಸು. ಆಮೇಲೆ ಶೇ. 0.1 ಟ್ರೈಟಾನ್‌ನಲ್ಲಿ ಕೋಶ ಒಡೆದು, ಆ ಕಿಣ್ವದಿಂದ ಹಳದಿಯಾಗುವ ಪಿಎನ್‌ಪಿಪಿ ಹಾಕಿ, 37 ಡಿಗ್ರಿಯಲ್ಲಿ ಅರ್ಧ ತಾಸು ಬಿಟ್ಟು, ಸೋಡಿಯಂ ಹೈಡ್ರಾಕ್ಸೈಡಿನಿಂದ ನಿಲ್ಲಿಸಿ, 405 ನ್ಯಾನೋಮೀಟರಿನಲ್ಲಿ ಹಳದಿ ಬಣ್ಣ ಓದುವುದು. ಪಿಬಿಎಸ್‌ನ ಹಳೆಯ ಸ್ಟಾಕು ಮತ್ತು ಆಮ್ಲದ ಹೊಸ ಸ್ಟಾಕನ್ನು ಅಕ್ಕಪಕ್ಕ ಹಾಕಿದಾಗ ಹೊಸದರ ಸಾಲು 300ರಿಂದ ಮೇಲೆ ಹಳದಿಗಟ್ಟಿತು, ಹಳೆಯದು ಬರೀ ದ್ರವದ ವೆಲ್ಲಿನ ಹಾಗೇ ತೆಳುವಾಗಿ ಉಳಿಯಿತು. ಮೊದಲ ಸುತ್ತಿನ ಇಡೀ ಫಲಿತಾಂಶ ಅಲ್ಲಿಗೆ ರದ್ದು. ಇ. ಕೋಲಿಯ ಪ್ರೋಟೀನಿಗೆ ಸಿ2ಸಿ12ರಲ್ಲಿ ಸಿಎಚ್‌ಒದ್ದಕ್ಕಿಂತ ಹೆಚ್ಚು ಡೋಸ್ ಬೇಕು, 50ರಲ್ಲಿ ಏನೂ ಕಾಣದಿದ್ದರೆ ಪ್ರೋಟೀನ್ ಸತ್ತಿದೆ ಎಂದು ತೀರ್ಮಾನಿಸಬಾರದು. ಸಿ2ಸಿ12 ತಟ್ಟೆ ತುಂಬಿ ಉದ್ದುದ್ದ ಸ್ನಾಯುನಾಳಗಳಾಗಿದ್ದರೆ ಆ ಕೋಶಗಳನ್ನು ಚೆಲ್ಲಿ ಹೊಸ ವಯಲ್ ತೆಗೆಯುವುದೇ ಮೇಲು.

ಇದೇ ಕಿಣ್ವವನ್ನು ಸಾಓಎಸ್-2ರಲ್ಲಿ ಅಳೆದು ‘ಪ್ರೋಟೀನ್ ಕೆಲಸ ಮಾಡಿತು’ ಎನ್ನುವವರಿದ್ದಾರೆ. ಸಾಓಎಸ್-2ರಲ್ಲಿ ಅದು ಮೊದಲೇ ತುಂಬಿ ತುಳುಕುತ್ತಿರುತ್ತದೆ, ಏರಿಕೆ ಕಾಣಲು ಜಾಗವಿಲ್ಲ.

ಎರಡನೆಯ ಬಾಗಿಲು ಗಡ್ಡೆ ಕೋಶದ ಒಳಗಿನದು. ಪ್ರೋಟೀನ್ ಚೆನ್ನಾಗಿದ್ದರೂ ಆ ಕೋಶಕ್ಕೆ ಗ್ರಾಹಕವೇ ಇಲ್ಲದಿದ್ದರೆ ‘ಬೆಳೆಯಲಿಲ್ಲ’ ಎಂಬ ಮಾತಿಗೆ ಬೇರೆಯೇ ಅರ್ಥ. ಐದೂ ಕೋಶಗಳನ್ನು ರಾತ್ರಿ ಸೀರಮ್ ಇಲ್ಲದೆ ಇಟ್ಟು, ಬೆಳಿಗ್ಗೆ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಬಿಎಂಪಿ-2 ಕೊಟ್ಟು, 45 ನಿಮಿಷಕ್ಕೆ ಮಂಜುಗಡ್ಡೆಯ ಮೇಲೆ ಒಡೆಯಲಾಯಿತು. ಒಡೆಯುವ ದ್ರವದಲ್ಲಿ ಸೋಡಿಯಂ ಫ್ಲೋರೈಡ್ ಮತ್ತು 1 ಮಿಲಿಮೋಲಾರ್ ಸೋಡಿಯಂ ಆರ್ಥೊವನಾಡೇಟ್ ಇರಲೇಬೇಕು, ಇಲ್ಲದಿದ್ದರೆ ಹಚ್ಚಿದ ಫಾಸ್ಫೇಟನ್ನು ಕೋಶದ ಕಿಣ್ವಗಳೇ ಕಿತ್ತುಹಾಕುತ್ತವೆ. ಮುಂದಿನದು ವೆಸ್ಟರ್ನ್ ಬ್ಲಾಟ್, ಪ್ರೋಟೀನುಗಳನ್ನು ಜೆಲ್‌ನಲ್ಲಿ ಬಿಡಿಸಿ ಆ್ಯಂಟಿಬಾಡಿಯಿಂದ ಗುರುತಿಸುವುದು: ಲೇನಿಗೆ 25 ಮೈಕ್ರೋಗ್ರಾಂ ಪ್ರೋಟೀನ್, ಶೇ. 10ರ ಜೆಲ್, ಫಾಸ್ಫೊ-ಸ್ಮ್ಯಾಡ್ 1/5ರ ಆ್ಯಂಟಿಬಾಡಿ. ಪಟ್ಟಿ ಸುಮಾರು 60 ಕಿಲೋಡಾಲ್ಟನ್ ಹತ್ತಿರ ಬರಬೇಕು. ಮೆಂಬ್ರೇನನ್ನು ಹಾಲಿನ ಪುಡಿಯಲ್ಲಿ ನೆನೆಸದೆ ಶೇ. 5 ಬಿಎಸ್‌ಎಯಲ್ಲಿ ನೆನೆಸಬೇಕು, ಹಾಲಿನ ಕೇಸಿನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನ್. ಒಟ್ಟು ಸ್ಮ್ಯಾಡ್ 1ರ ಬ್ಲಾಟ್ ಜೊತೆಗಿರಬೇಕು. ಐದರಲ್ಲೂ ಪಟ್ಟಿ ಬಂತು, ದಪ್ಪ ಮಾತ್ರ ಒಂದೇ ಸಮ ಇರಲಿಲ್ಲ. ಬ್ಲಾಟ್ ಸೌಕರ್ಯ ಇಲ್ಲದವರು ಎರಡು ತಾಸಿಗೆ, ಬಿಎಂಪಿಯಿಂದ ಚಾಲೂ ಆಗುವ ಐಡಿ1 ಜೀನಿನ ಕ್ಯುಪಿಸಿಆರ್ ಮಾಡಿದರೂ ನಡೆಯುತ್ತದೆ.

ಎಂಜಿ-63ರ ಏರಿಕೆ

ಎರಡನೆಯ ಸುತ್ತಿನಲ್ಲಿ 96 ವೆಲ್ಲಿನ ಪ್ಲೇಟ್, ವೆಲ್ಲಿಗೆ 100 ಮೈಕ್ರೋಲೀಟರ್, ಡೋಸಿಗೆ ಆರು ವೆಲ್, 72 ತಾಸು. ಕೊನೆಗೆ, ಬದುಕಿರುವ ಕೋಶಗಳಲ್ಲಿ ನೇರಳೆಯಾಗುವ ಎಂಟಿಟಿ ಬಣ್ಣದ ಮಿಲಿಲೀಟರಿಗೆ 5 ಮಿಲಿಗ್ರಾಂ ದ್ರಾವಣ 10 ಮೈಕ್ರೋಲೀಟರ್, ಮೂರು ತಾಸು, ನಂತರ ದ್ರವ ತೆಗೆದು 100 ಮೈಕ್ರೋಲೀಟರ್ ಡಿಎಂಎಸ್‌ಒ, 570ರಲ್ಲಿ ಓದಿ 650ರ ಓದನ್ನು ಕಳೆಯುವುದು. ಎಂಜಿ-63ರಲ್ಲಿ ಡೋಸ್ ಏರಿದ ಹಾಗೆ ಬಣ್ಣವೂ ಏರಿತು, ಅದೂ ನೇರ ಗೆರೆಯಲ್ಲಿ. ‘ಬೆಳೆಸುತ್ತದೆ’ ಎಂದು ಬರೆಯಲು ಇಷ್ಟು ಸಾಕು ಅನ್ನಿಸುವಂಥ ಗ್ರಾಫ್.

ಆದರೆ ಪ್ಲೇಟಿನ ನಕ್ಷೆಯಲ್ಲಿ ಡೋಸುಗಳೂ ಎಡದಿಂದ ಬಲಕ್ಕೆ ಏರುತ್ತ ಹೋಗಿದ್ದವು, 1,000ದ ಕಾಲಂ ಬಲ ಅಂಚಿಗೆ ತಾಗಿತ್ತು. ಓಟ ನಡೆದದ್ದು ಏಪ್ರಿಲ್‌ನಲ್ಲಿ. ಪುಣೆಯ ಬೇಸಿಗೆಯ ಗಾಳಿ ಒಣ. ಇನ್ಕ್ಯುಬೇಟರಿನ ತಳದ ನೀರಿನ ತಟ್ಟೆ ಅರ್ಧಕ್ಕಿಳಿದು, ಬಾಗಿಲು ದಿನಕ್ಕೆ ಹತ್ತಾರು ಸಲ ತೆರೆದರೆ ಅಂಚಿನ ವೆಲ್ಲುಗಳಿಂದ ನೀರು ಆವಿಯಾಗುತ್ತದೆ. 100 ಮೈಕ್ರೋಲೀಟರಿನಲ್ಲಿ ಹತ್ತು ಆವಿಯಾದರೂ ಉಪ್ಪು, ಸಕ್ಕರೆ, ಎಂಟಿಟಿ ಎಲ್ಲವೂ ಗಟ್ಟಿಯಾಗುತ್ತವೆ. ಸರಿಯೋ ಎಂದು ನೋಡಲು ಖರ್ಚಿಲ್ಲದ ಉಪಾಯ ಒಂದಿದೆ. ಅದೇ ನಕ್ಷೆಯನ್ನು ಬಲದಿಂದ ಎಡಕ್ಕೆ ತಿರುವಿ ಹೊಸ ಪ್ಲೇಟ್ ಹಾಕಿ, ಇನ್ನೊಂದು ಪ್ಲೇಟಿನಲ್ಲಿ ಎಲ್ಲ ವೆಲ್ಲಿಗೂ ಬರೀ ದ್ರವ ಹಾಕಿ ಓದುವುದು. ಬರೀ ದ್ರವದ ಪ್ಲೇಟಿನಲ್ಲೂ ಬಲಕ್ಕೆ ಹೋದಂತೆ ಓದು ಏರಿತು, ತಿರುವಿದ ಪ್ಲೇಟಿನಲ್ಲಿ ‘ಡೋಸಿನ ಏರಿಕೆ’ ಇಳಿಕೆಯಾಯಿತು. ಮುಂದಿನ ಓಟಗಳಲ್ಲಿ ಅಂಚಿನ 36 ವೆಲ್ಲುಗಳಿಗೆ 200 ಮೈಕ್ರೋಲೀಟರ್ ಪಿಬಿಎಸ್ ತುಂಬಿ ಬಿಟ್ಟು, ಒಳಗಿನ 60ರಲ್ಲಿ ಡೋಸುಗಳನ್ನು ಚೀಟಿ ಎತ್ತಿದ ಹಾಗೆ ಚದುರಿಸಿ, ಬಿತ್ತಿದ ಪ್ಲೇಟನ್ನು ಇನ್ಕ್ಯುಬೇಟರಿಗೆ ಹಾಕುವ ಮುನ್ನ ಅರ್ಧ ತಾಸು ಬೆಂಚಿನ ಮೇಲೆ ಅಲುಗಾಡಿಸದೆ ಇಡಲಾಯಿತು. ಏರಿಕೆ ಹೋಯಿತು.

ಎಂಟಿಟಿಯೊಂದರ ಮೇಲೇ ನಿಲ್ಲಬಾರದು ಎನ್ನುವುದಕ್ಕೆ ಬೇರೆ ಕಾರಣವೂ ಇದೆ. ಅದು ಎಣಿಸುವುದು ಕೋಶಗಳನ್ನಲ್ಲ, ಅವುಗಳ ಉಸಿರಾಟದ ರಭಸವನ್ನು. ಬಿಎಂಪಿ-2 ಕೋಶದ ಸ್ವಭಾವವನ್ನೇ ಬದಲಿಸುವ ಪ್ರೋಟೀನ್. ಕೋಶ ದೊಡ್ಡದಾಗಿ, ಚುರುಕಾಗಿ, ಸಂಖ್ಯೆ ಇದ್ದಷ್ಟೇ ಇದ್ದರೂ ಬಣ್ಣ ಏರುತ್ತದೆ. ಹಾಗಾಗಿ ಪ್ರತಿ ಎಂಟಿಟಿ ಪ್ಲೇಟಿನ ಜೋಡಿ ಪ್ಲೇಟನ್ನು ಹೆಪ್ಪುಗಟ್ಟಿಸಿ ಡಿಎನ್‌ಎ ಬಣ್ಣದಿಂದ ಅಳೆಯಲಾಯಿತು. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಅದು ಬೆಳವಣಿಗೆ.

ಎಂಸಿಎಫ್-7ಕ್ಕೆ ಪ್ರತ್ಯೇಕ ಜಾಗ್ರತೆ ಬೇಕಿತ್ತು. ಅದು ಈಸ್ಟ್ರೋಜನ್‌ಗೆ ಸ್ಪಂದಿಸುವ ಕೋಶ, ಮೀಡಿಯಂಗೆ ಕೆಂಪು ಬಣ್ಣ ಕೊಡುವ ಫಿನಾಲ್ ರೆಡ್‌ನಲ್ಲೇ ಸಣ್ಣ ಪ್ರಮಾಣದ ಈಸ್ಟ್ರೋಜನ್ ಗುಣ ಇದೆ. ಅದನ್ನು ಸಾಕುವಾಗ ಹಾಕುವ ಇನ್ಸುಲಿನ್ ಕೂಡ ಬೆಳೆಸುತ್ತದೆ. ಪರೀಕ್ಷೆಯನ್ನು ಫಿನಾಲ್ ರೆಡ್ ಇಲ್ಲದ ಮೀಡಿಯಂ, ಇದ್ದಿಲಿನಲ್ಲಿ ಸೋಸಿದ ಸೀರಮ್, ಇನ್ಸುಲಿನ್ ಇಲ್ಲದೆ ನಡೆಸಿ, 10 ನ್ಯಾನೋಮೋಲಾರ್ ಎಸ್ಟ್ರಡಯಾಲ್ (ಒಂದು ಈಸ್ಟ್ರೋಜನ್) ಅನ್ನು ಉತ್ತೇಜನದ ಕಂಟ್ರೋಲ್ ಆಗಿ ಇಡಲಾಯಿತು. ಹೀಗೆ ನೋಡಿದಾಗ ಎಂಸಿಎಫ್-7 ಬಿಎಂಪಿ-2ರ ದೊಡ್ಡ ಡೋಸುಗಳಲ್ಲಿ ನಿಧಾನವಾಯಿತು.

ಅಗರ್‌ನಲ್ಲಿ ಗೂಡು ಕಟ್ಟುವ ಪರೀಕ್ಷೆ

ಪ್ಲಾಸ್ಟಿಕ್ಕಿಗೆ ಅಂಟದೆ ಮೆತ್ತನೆಯ ಅಗರ್‌ನಲ್ಲಿ ತೇಲುತ್ತಲೇ ಒಂದು ಕೋಶ ಗುಂಪಾಗುವುದು ಗಡ್ಡೆ ಕೋಶದ ಲಕ್ಷಣ, ಅದಕ್ಕೆ ಇಂಥ ಪ್ರಶ್ನೆಗಳಲ್ಲಿ ಈ ಪರೀಕ್ಷೆಗೆ ತೂಕ ಹೆಚ್ಚು. 35 ಮಿಲಿಮೀಟರ್ ತಟ್ಟೆ, ತಳದ ಪದರ 1 ಮಿಲಿಲೀಟರ್ ಶೇ. 0.6, ಮೇಲಿನ ಪದರ 1 ಮಿಲಿಲೀಟರ್ ಶೇ. 0.35, ಅದರಲ್ಲಿ 5,000 ಕೋಶ. ಶೇ. 1.2 ಮತ್ತು 0.7ರ ಅಗರನ್ನು ಎರಡು ಪಟ್ಟು ಗಟ್ಟಿಯ ಮೀಡಿಯಂ ಜೊತೆ ಸಮಸಮ ಬೆರೆಸಿದರೆ ಈ ಪ್ರಮಾಣ ಸಿಗುತ್ತದೆ. ಬೆರೆಸುವಾಗ ಅಗರ್ 40 ಡಿಗ್ರಿಯಲ್ಲಿರಬೇಕು. 42 ದಾಟಿದರೆ ಕೋಶ ಸಾಯುತ್ತವೆ, ಕೆಳಗಿಳಿದರೆ ಪಿಪೆಟ್ಟಿನಲ್ಲೇ ಗಂಟುಕಟ್ಟುತ್ತದೆ.

ಪ್ರೋಟೀನನ್ನು ಕೋಶ ಇರುವ ಮೇಲಿನ ಪದರಕ್ಕೆ ಮಾತ್ರ ಹಾಕುವುದು ಸಾಮಾನ್ಯ ಅಭ್ಯಾಸ. ಪ್ರೋಟೀನ್ ಅಲ್ಲೇ ನಿಲ್ಲುವುದಿಲ್ಲ, ತಳಕ್ಕೂ ಇಳಿಯುತ್ತದೆ, 1,000 ಎಂದು ಬರೆದದ್ದು ನಿಜದಲ್ಲಿ 500ರ ಹತ್ತಿರ ಬರುತ್ತದೆ. ಎರಡೂ ಪದರಕ್ಕೆ ಹಾಕಬೇಕು. ಹಾಗೆ ಹಾಕಿದರೆ 1,000ದ ಒಂದು ತಟ್ಟೆಗೆ 2 ಮೈಕ್ರೋಗ್ರಾಂ, ಮೂರು ತಟ್ಟೆಗೆ 6. ಮೂರು ವಾರ, ವಾರಕ್ಕೆರಡು ಸಲ ಅರ್ಧ ಮಿಲಿಲೀಟರ್ ಹೊಸ ಮೀಡಿಯಂ ಕೊಟ್ಟರೆ ಇನ್ನೂ 9. ಒಂದೇ ಕೋಶದ ಒಂದೇ ಡೋಸಿಗೆ 15 ಮೈಕ್ರೋಗ್ರಾಂ, ಅಂದರೆ ಒಂದೂವರೆ ವಯಲ್. ಬಜೆಟ್ ಕಟ್ಟುವಾಗ ಇದನ್ನು ಮರೆತರೆ ನಡುವೆ ಲಾಟ್ (ತಯಾರಿಕೆಯ ತಂಡ) ಬದಲಾಗುತ್ತದೆ, ಲಾಟ್ ಬದಲಾದರೆ ಸಿ2ಸಿ12 ಮತ್ತೆ ಮೊದಲಿನಿಂದ. ಇಲ್ಲಿ ಡೋಸುಗಳನ್ನು 10, 100, 1,000 ಎಂದು ಮೂರಕ್ಕೆ ಇಳಿಸಿ, ಎಲ್ಲ ವಯಲುಗಳನ್ನೂ ಒಂದೇ ಲಾಟಿನಿಂದ ತರಿಸಲಾಯಿತು.

ಎಣಿಕೆಯಲ್ಲಿ ಮೋಸ ಮಾಡುವುದು ಮೊದಲ ದಿನವೇ ಇದ್ದ ಗುಂಪುಗಳು. ಟ್ರಿಪ್ಸಿನ್ ಸರಿಯಾಗಿ ಬಿಡಿಸದಿದ್ದರೆ ಎಂಸಿಎಫ್-7 ಹತ್ತಾರು ಕೋಶಗಳ ಉಂಡೆಯಾಗಿಯೇ ಅಗರ್‌ಗೆ ಬೀಳುತ್ತದೆ, ಮೂರು ವಾರದ ನಂತರ ಅದೂ ‘ಗೂಡು’. 40 ಮೈಕ್ರಾನ್ ಜರಡಿಯಲ್ಲಿ ಸೋಸಿ, ಮರುದಿನ ಒಮ್ಮೆ ಎಣಿಸಿಟ್ಟು, ಕೊನೆಯ ಎಣಿಕೆಯಿಂದ ಅದನ್ನು ಕಳೆಯಬೇಕು. 50 ಕೋಶ ದಾಟಿದ್ದು ಮಾತ್ರ ಗೂಡು. ಎಣಿಸುವವರಿಗೆ ಯಾವ ತಟ್ಟೆ ಯಾವ ಡೋಸ್ ಎಂದು ಗೊತ್ತಿರಬಾರದು. ಸಾಓಎಸ್-2 ಅಗರ್‌ನಲ್ಲಿ ಗೂಡು ಕಟ್ಟುವುದೇ ಅಪರೂಪ, ಅದನ್ನು ಈ ಭಾಗದಿಂದ ಕೈಬಿಡಲಾಯಿತು. ಬರೀ ದ್ರವದ ತಟ್ಟೆಯಲ್ಲಿ ಮೂರು ಗೂಡು ಇರುವ ಕೋಶದಲ್ಲಿ ನಾಲ್ಕು ಗೂಡು ಕಂಡರೆ ಅದನ್ನು ಏರಿಕೆ ಎನ್ನಲು ಬರುವುದಿಲ್ಲ. ಹೋಲಿಕೆಯ ಒಂದೂವರೆ ಪಟ್ಟು ಅಥವಾ ಹೆಚ್ಚು ಆದರೆ ಉತ್ತೇಜನ, ಅರ್ಧ ಅಥವಾ ಕಡಿಮೆ ಆದರೆ ತಡೆ ಎಂದು ಓಟಕ್ಕೆ ಮುನ್ನವೇ ಬರೆದು ಸಹಿ ಹಾಕಿಡಲಾಗಿತ್ತು.

ಇಳಿಕೆ ಬಿಎಂಪಿಯದ್ದೇ?

ಎಂಸಿಎಫ್-7 ಅಗರ್‌ನಲ್ಲೂ ಇಳಿಯಿತು. ಬ್ಯಾಕ್ಟೀರಿಯಾದ ಪ್ರೋಟೀನ್ ಅಂದಮೇಲೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಗೋಡೆಯ ವಿಷ) ಅನುಮಾನ ಬರಲೇಬೇಕು. ಅದನ್ನು ಅಳೆಯುವ ಎಲ್‌ಎಎಲ್ ಪರೀಕ್ಷೆಯಲ್ಲಿ ಮೈಕ್ರೋಗ್ರಾಂಗೆ 1 ಯುನಿಟ್ ಇದ್ದರೆ 1,000ದ ವೆಲ್ಲಿನಲ್ಲಿ ಮಿಲಿಲೀಟರಿಗೆ 1 ಯುನಿಟ್ ಇದೆ ಎಂದಾಯಿತು. ಪ್ರೋಟೀನನ್ನು ಕುದಿಸಿ ಹಾಕಿ ಹೋಲಿಸುವುದು ಹಲವರ ಅಭ್ಯಾಸ, ಇಲ್ಲಿ ಅದು ಒಪ್ಪುವುದಿಲ್ಲ. ಗಂಧಕದ ಗಂಟುಗಳಿಂದ ಬಿಗಿದ ಬಿಎಂಪಿ-2 ಬಿಸಿಗೆ ಬೇಗ ಬಗ್ಗುವುದಿಲ್ಲ. ನಾಗಿನ್ ಎಂಬ ಪ್ರೋಟೀನ್ ಬಿಎಂಪಿ-2ನ್ನು ಹಿಡಿದು ಗ್ರಾಹಕಕ್ಕೆ ಹೋಗದಂತೆ ತಡೆಯುತ್ತದೆ, ಎಂಡೋಟಾಕ್ಸಿನ್ ಅನ್ನು ಮುಟ್ಟುವುದಿಲ್ಲ. 100 ನ್ಯಾನೋಗ್ರಾಂ ಬಿಎಂಪಿ-2 ಜೊತೆ 500 ನ್ಯಾನೋಗ್ರಾಂ ನಾಗಿನ್ ಬೆರೆಸಿ ಅರ್ಧ ತಾಸು ಬಿಟ್ಟು ಹಾಕಿದಾಗ ಎಂಸಿಎಫ್-7 ಮತ್ತೆ ಮಾಮೂಲಿನಂತೆ ಬೆಳೆಯಿತು. ಬರೀ ನಾಗಿನ್ ಹಾಕಿದ ವೆಲ್ಲಿನಲ್ಲಿ ಬದಲಾವಣೆ ಇರಲಿಲ್ಲ. ಇಳಿಕೆ ಬಿಎಂಪಿಯದ್ದೇ.

ಲೆಕ್ಕದ ಭಾಗ ಚಿಕ್ಕದು, ಆದರೆ ಜಗಳ ಆಗುವುದು ಅಲ್ಲೇ. ಒಂದು ಪ್ಲೇಟಿನ ಆರು ವೆಲ್ ಆರು ಪ್ರಯೋಗವಲ್ಲ, ಒಂದೇ ಪ್ರಯೋಗದ ಆರು ಓದು. ಬೇರೆ ದಿನ, ಬೇರೆ ಪ್ಯಾಸೇಜ್, ಬೇರೆ ಅಲಿಕ್ವಾಟ್ (ಹಂಚಿಟ್ಟ ಟ್ಯೂಬು) ಇದ್ದರೆ ಅದು ಎರಡನೆಯ ಪ್ರಯೋಗ. ಅಂಥ ಮೂರರ ಸರಾಸರಿಗಳನ್ನು ಬರೀ ದ್ರವದ ಜೊತೆ ಡನೆಟ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಹೋಲಿಸಲಾಯಿತು.

ವರದಿಯ ಭಾಷೆ

ಕಂಪನಿಗೆ ‘ಕ್ಯಾನ್ಸರ್ ಕೋಶಗಳ ಮೇಲೆ ಸುರಕ್ಷಿತ’ ಎಂಬ ಸಾಲು ಬೇಕಿತ್ತು. ಪರೀಕ್ಷಾಲಯ ಕೊಟ್ಟ ಸಾಲು ಹೀಗಿದೆ: ‘ಸಿ2ಸಿ12ರಲ್ಲಿ ಸಕ್ರಿಯವೆಂದು ಖಚಿತವಾದ ಈ ಲಾಟಿನ ಬಿಎಂಪಿ-2, ಮಿಲಿಲೀಟರಿಗೆ 1ರಿಂದ 1,000 ನ್ಯಾನೋಗ್ರಾಂ ವರೆಗೆ, ಶೇ. 2 ಸೀರಮ್ಮಿನಲ್ಲಿ 72 ತಾಸು, ಸ್ಮ್ಯಾಡ್ ಸ್ಪಂದನ ಕಂಡ ಐದು ಕೋಶಗಳಲ್ಲಿ ಸಂಖ್ಯೆಯ ಏರಿಕೆ ತೋರಿಸಲಿಲ್ಲ. ಎಂಸಿಎಫ್-7ರಲ್ಲಿ ನಾಗಿನ್‌ನಿಂದ ಹಿಂತಿರುಗುವ ಇಳಿಕೆ ತೋರಿಸಿತು. ಅಗರ್‌ನಲ್ಲಿ ನಾಲ್ಕು ಕೋಶಗಳನ್ನು ನೋಡಲಾಗಿದೆ.’ ಉದ್ದವಾಯಿತು ಎಂದು ಕಂಪನಿ ಗೊಣಗಿತು. ಇದರಲ್ಲಿ ಒಂದು ಪದ ತೆಗೆದರೂ ಉಳಿದದ್ದು ಸುಳ್ಳಾಗುತ್ತದೆ.

ಅದರ ಕೆಳಗೆ ಮಿತಿಗಳು. ಸ್ಪಂಜಿನೊಳಗಿನ, ಮಿಲಿಲೀಟರಿಗೆ 1.5 ಮಿಲಿಗ್ರಾಂ ಎಂದರೆ ಇಲ್ಲಿಯ ಅತಿ ದೊಡ್ಡ ಡೋಸಿನ 1,500 ಪಟ್ಟು. ಸ್ಪಂಜಿನಿಂದ ಅದು ನಿಧಾನವಾಗಿ ಹೊರಬರುತ್ತದೆ ನಿಜ, ಆದರೆ ಸ್ಪಂಜಿಗೆ ತಾಗಿ ಕೂತ ಕೋಶಕ್ಕೆ ಸಿಗುವ ಪ್ರಮಾಣ ಈ ಪ್ಲೇಟುಗಳ ವ್ಯಾಪ್ತಿಯಲ್ಲಿ ಇಲ್ಲದಿರಬಹುದು. ತಟ್ಟೆಯಲ್ಲಿ ರಕ್ತನಾಳವಿಲ್ಲ, ರೋಗನಿರೋಧಕ ಕೋಶವಿಲ್ಲ, ಮೂಳೆಯೂ ಇಲ್ಲ. ಎ549ರಲ್ಲಿ ಇಲಿಯ ಫಲಿತಾಂಶ ಬೇರೆಯಾಗಿದೆ ಎಂಬುದನ್ನು ವರದಿಯಲ್ಲೇ ಬರೆಯಲಾಯಿತು. ಗಡ್ಡೆಯ ಹತ್ತಿರ ಬಳಸಬಾರದು ಎಂಬ ಎಚ್ಚರಿಕೆಯನ್ನು ಈ ಪರೀಕ್ಷೆಯ ಆಧಾರದ ಮೇಲೆ ತೆಗೆಯಲು ಬರುವುದಿಲ್ಲ ಎಂದೂ ಸೇರಿತು.

ಮುಂದಿನ ಹಂತಕ್ಕೆ ಪರೀಕ್ಷಾಲಯ ಕೇಳಿದ್ದು ಬರೀ ಪ್ರೋಟೀನನ್ನಲ್ಲ, ಪ್ರೋಟೀನ್ ತೊಯ್ಸಿದ ಸ್ಪಂಜನ್ನೇ. ಅದರ ಒಂದು ತುಣುಕನ್ನು ಟ್ರಾನ್ಸ್‌ವೆಲ್ ಜಾಲರಿಯ ಮೇಲಿಟ್ಟು, ಕೆಳಗೆ ಕೋಶ ಬಿತ್ತಿ, 1, 3, 7, 14ನೇ ದಿನ ಮೀಡಿಯಂನಲ್ಲಿ ಎಷ್ಟು ಬಿಎಂಪಿ-2 ಇಳಿದಿದೆ ಎಂದು ಎಲೈಸಾದಲ್ಲಿ ಅಳೆಯುವುದು. ಪ್ರೋಟೀನ್ ಇಲ್ಲದ ಸ್ಪಂಜು ಅದರ ಜೋಡಿ ಕಂಟ್ರೋಲ್, ಯಾಕೆಂದರೆ ಕೊಲ್ಯಾಜನ್ ತಾನೇ ಕೋಶಗಳ ನಡತೆ ಬದಲಿಸಬಲ್ಲದು. ಅಷ್ಟರ ತನಕ ಉಳಿದ ಅಲಿಕ್ವಾಟುಗಳು ಮೈನಸ್ 80ರಲ್ಲೇ ಇರುತ್ತವೆ, ಜೊತೆಗೆ ಪಿಬಿಎಸ್‌ನ ಆ ಹಳೆಯ ಟ್ಯೂಬೂ, ‘ಬಳಸಬಾರದು, ಹೋಲಿಕೆಗೆ ಮಾತ್ರ’ ಎಂಬ ಚೀಟಿಯೊಂದಿಗೆ.